ಒಬ್ಬರೇ ಗಿರಾಕಿ ನೋಡುವಾಗ ಸುರಕ್ಷತೆ: ಗೆಳತಿಗೆ ಹೇಳಿ ಹೋದರೆ ಸಾಕಾ?

ಸಂಜೆಮಲ್ಲಿಗೆ
ಇಷ್ಟು ದಿನ ನಾವು ಮೂವರು ಒಂದೇ ಮನೆಯಲ್ಲಿ ಲೈಂಗಿಕ ಕೆಲಸ ಮಾಡುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳು ಇದ್ದಾಳೆ ಅನ್ನುವುದೇ ದೊಡ್ಡ ಧೈರ್ಯವಾಗಿತ್ತು. ಈಗ ಒಬ್ಬಳೇ. ಗಿರಾಕಿಗಳು ಫೋನ್ ಮಾಡುತ್ತಾರೆ, ಹೋಟೆಲಿಗೋ ಅವರ ಮನೆಗೋ ನಾನೇ ಹೋಗಬೇಕು. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಒಬ್ಬ ಗೆಳತಿಗೆ ಮೆಸೇಜ್ ಹಾಕುತ್ತೇನೆ. ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ ಇದೆ. ಇಷ್ಟು ಸಾಕಾ? ಈ ಕೆಲಸ ಗೊತ್ತಿರುವವರು ಹೇಳಿ.

ಹಳೇಕೈ
ಸಾಲದು ತಂಗಿ. ಎಲ್ಲಿಗೆ ಹೋಗುತ್ತೀಯ ಅನ್ನುವುದು ಅರ್ಧ ಮಾತ್ರ. ಎಷ್ಟು ಹೊತ್ತಿಗೆ ಮುಗಿಯುತ್ತದೆ, ಆಮೇಲೂ ನಿನ್ನ ಫೋನ್ ಬರದಿದ್ದರೆ ಅವಳು ಏನು ಮಾಡಬೇಕು ಅನ್ನುವುದು ಇನ್ನರ್ಧ. ಬರೀ ಮೆಸೇಜ್ ಹಾಕಿ ಹೋದರೆ ಅವಳು ಓದಿ ಮಲಗಿಬಿಡಬಹುದು. ವಿಳಾಸ, ರೂಮ್ ನಂಬರ್, ಅವನ ಫೋನ್ ನಂಬರ್, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಎಲ್ಲವೂ ಅವಳ ಹತ್ತಿರ ಇರಬೇಕು. ರೂಮಿಗೆ ಹೋದ ತಕ್ಷಣ ಅವನ ಎದುರಿಗೇ ಫೋನ್ ಮಾಡು. "ಬಂದೆ, ಇಷ್ಟು ಗಂಟೆಗೆ ಹೊರಡುತ್ತೇನೆ" ಅಂತ ಅವನಿಗೆ ಕೇಳುವ ಹಾಗೆ ಹೇಳು. ನೀನು ಇಲ್ಲಿದ್ದೀಯ ಅಂತ ಹೊರಗೆ ಒಬ್ಬರಿಗೆ ಗೊತ್ತು, ಅದು ಅವನಿಗೂ ಗೊತ್ತಾಗಬೇಕು.

ನೇರಮಾತು
ಎದುರಿಗೇ ಫೋನ್ ಮಾಡಿದರೆ ಒಳ್ಳೆ ಗಿರಾಕಿಗಳೂ ಗಾಬರಿಯಾಗುತ್ತಾರೆ ಅಕ್ಕ. ಯಾರಿಗೆ ಹೇಳುತ್ತಿದ್ದಾಳೆ, ಪೊಲೀಸಾ, ದುಡ್ಡು ಕೀಳುವ ಗ್ಯಾಂಗಾ ಅಂತ ಅನುಮಾನ ಪಡುತ್ತಾರೆ. ನಾನು ಸ್ಪ್ರೇ ಜೊತೆಗೆ ಚಾಕುವನ್ನೂ ಇಟ್ಟುಕೊಳ್ಳುತ್ತೇನೆ. ಕೈಯಲ್ಲಿ ಏನಾದರೂ ಇದ್ದರೆ ಧೈರ್ಯ ಜಾಸ್ತಿ.

ಹಳೇಕೈ
ಗಾಬರಿಯಾಗುವವರು ಇರುತ್ತಾರೆ, ನಿಜ. ಫೋನ್‌ನಲ್ಲಿ ಮಾತಾಡುವಾಗಲೇ "ಬಂದ ಮೇಲೆ ಒಂದು ಕಾಲ್ ಮಾಡುತ್ತೇನೆ, ನನ್ನ ನಿಯಮ ಅದು" ಅಂತ ಹೇಳಿಬಿಟ್ಟರೆ ಆಯಿತು. ಅಷ್ಟಕ್ಕೇ ರೇಗುವವನ ರೂಮಿಗೆ ಹೋಗಲೇಬಾರದು.

ಚಾಕು ಮಾತ್ರ ಬೇಡ. ಅಪಾಯ ಬರುವ ಹೊತ್ತಿಗೆ ನಿಮ್ಮ ಮೈಮೇಲೆ ಬಟ್ಟೆ ಇರುವುದಿಲ್ಲ, ಬ್ಯಾಗು ಕುರ್ಚಿಯ ಮೇಲಿರುತ್ತದೆ. ಅವನಿಗೆ ನಿಮಗಿಂತ ಬಲ ಜಾಸ್ತಿ ಇದ್ದರೆ ಆ ಚಾಕು ಅವನ ಕೈಗೇ ಹೋಗುತ್ತದೆ. ಮುಚ್ಚಿದ ರೂಮಿನಲ್ಲಿ ಸ್ಪ್ರೇ ಹೊಡೆದರೆ ನಿಮ್ಮ ಕಣ್ಣೂ ಉರಿಯುತ್ತದೆ, ಬಾಗಿಲೇ ಕಾಣುವುದಿಲ್ಲ.

ಕಾಯ್ದೆಪುಸ್ತಕ
ಸ್ಪ್ರೇ ಬಗ್ಗೆ ಇನ್ನೊಂದು ಮಾತು. ಎಲ್ಲ ದೇಶಗಳಲ್ಲೂ ಅದಕ್ಕೆ ಅನುಮತಿ ಇಲ್ಲ. ಬ್ರಿಟನ್‌ನಲ್ಲಿ ಅದು ನಿಷೇಧಿತ ಆಯುಧಗಳ ಸಾಲಿಗೇ ಸೇರುತ್ತದೆ, ಬ್ಯಾಗಿನಲ್ಲಿ ಸಿಕ್ಕರೆ ಕೇಸು ನಿಮ್ಮ ಮೇಲೆ. ನಿಮ್ಮ ಕಡೆ ಏನು ನಿಯಮ ಅಂತ ಮೊದಲು ತಿಳಿದುಕೊಳ್ಳಿ. ಜೋರಾಗಿ ಕೂಗುವ ಸಣ್ಣ ಅಲಾರಂ ಸಿಗುತ್ತದೆ, ಪಿನ್ ಎಳೆದರೆ ಸಾಕು. ಹೋಟೆಲ್ ಕಾರಿಡಾರಿನಲ್ಲಿ ಆ ಸದ್ದಿಗೆ ಯಾರಾದರೂ ಬಾಗಿಲು ತೆರೆದು ನೋಡುತ್ತಾರೆ.

ಬಿಸಿಲುಗುದುರೆ
ನನ್ನ ಪ್ರಶ್ನೆ ಬೇರೆ. ಎಲ್ಲರೂ "ಒಬ್ಬರಿಗೆ ಹೇಳಿ ಹೋಗು" ಅನ್ನುತ್ತೀರಿ. ಯಾರಿಗೆ? ನಾನು ಟ್ರಾನ್ಸ್ ಹೆಣ್ಣು. ನನ್ನ ಕೆಲಸ ಮನೆಯವರಿಗೆ ಗೊತ್ತಿಲ್ಲ. ಹೊರಗಿನವರಿಗೆ ಹೇಳಿದರೆ ನಾಳೆ ಜಗಳವಾದಾಗ ಅದನ್ನೇ ಹಿಡಿದು ದುಡ್ಡು ಕೇಳುತ್ತಾರೆ. ನಮ್ಮಂಥವರಿಗೆ ಗಿರಾಕಿಗಿಂತ ಗುಟ್ಟು ತಿಳಿದವರ ಭಯವೇ ಜಾಸ್ತಿ. ಇದಕ್ಕೆ ಏನು ಮಾಡುತ್ತೀರಿ?

ಹಳೇಕೈ
ಇದೇ ಕಷ್ಟದ ಪ್ರಶ್ನೆ ಕಣಮ್ಮ. ನಾನು ಕಂಡ ದಾರಿ ಒಂದೇ. ಇದೇ ಕೆಲಸದಲ್ಲಿರುವ ಇನ್ನೊಬ್ಬಳನ್ನು ಹುಡುಕಿಕೋ. ನೀನು ಅವಳಿಗೆ ಕಾವಲು, ಅವಳು ನಿನಗೆ ಕಾವಲು. ಇಬ್ಬರ ಗುಟ್ಟೂ ಇಬ್ಬರ ಹತ್ತಿರ ಇರುವಾಗ ಒಬ್ಬಳೇ ಕತ್ತು ಹಿಡಿಯಲು ಆಗುವುದಿಲ್ಲ. ಸಂಘಟನೆಗಳಿರುವ ಕಡೆ ಅವರೇ ಜೋಡಿ ಮಾಡಿಕೊಡುತ್ತಾರೆ. ಯಾರೂ ಸಿಗದಿದ್ದರೆ ವಿವರವನ್ನು ಬರೆದು, ಮುಚ್ಚಿದ ಲಕೋಟೆಯಲ್ಲಿ ಇಟ್ಟು ಹೋಗು. "ಬೆಳಿಗ್ಗೆಯೊಳಗೆ ನಾನು ಬರದಿದ್ದರೆ ತೆರೆಯಿರಿ" ಅನ್ನು. ತೆರೆಯುವವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಇದರಲ್ಲಿ ಸಹಾಯ ತಡವಾಗುತ್ತದೆ, ಅದು ತಿಳಿದಿರಲಿ.

ತಂತಿಮನೆ
ಫೋನ್ ಬಗ್ಗೆ ನಾನು ಹೇಳುತ್ತೇನೆ, ನನ್ನ ಕೆಲಸ ಅದೇ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಂಚಬಹುದು. 15 ನಿಮಿಷ, 1 ಗಂಟೆ, 8 ಗಂಟೆ, ಹೀಗೆ ಮೂರು ಆಯ್ಕೆ ಇವೆ. ಕೆಲಸ 1 ಗಂಟೆಯದಾದರೂ 8 ಗಂಟೆಯನ್ನೇ ಆರಿಸಿ, ವಾಪಸ್ ಬಂದ ಮೇಲೆ ನೀವೇ ನಿಲ್ಲಿಸಿ. ಆದರೆ ಅದು ತೋರಿಸುವುದು ಫೋನ್ ಎಲ್ಲಿದೆ ಅಂತ ಮಾತ್ರ. ಅವನು ಫೋನ್ ಕಿತ್ತುಕೊಂಡು ಸ್ವಿಚ್ ಆಫ್ ಮಾಡಿದರೆ ಮುಗಿಯಿತು. ಅದಕ್ಕೇ ವಿಳಾಸವನ್ನು ಬರೆದು ಕಳಿಸುವುದನ್ನು ಬಿಡಬೇಡಿ.

ಕೆಲಸಕ್ಕೆ ಬೇರೆ ನಂಬರ್ ಇಡಿ, ಸಾಧ್ಯವಾದರೆ ಬೇರೆ ಫೋನೇ ಇಡಿ. ಒಂದೇ ಫೋನಿನಲ್ಲಿದ್ದರೆ ಸೋಷಿಯಲ್ ಮೀಡಿಯಾ ಆ್ಯಪ್‌ಗಳು ಕಾಂಟ್ಯಾಕ್ಟ್ ಓದಿಕೊಂಡು ನಿಮ್ಮ ಸ್ವಂತ ಖಾತೆಯನ್ನು ಗಿರಾಕಿಗೆ "ಇವರು ನಿಮಗೆ ಗೊತ್ತಿರಬಹುದು" ಅಂತ ತೋರಿಸಿಬಿಡಬಹುದು. ಫೋಟೋ ತೆಗೆಯುವಾಗ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ, ಇಲ್ಲದಿದ್ದರೆ ತೆಗೆದ ಜಾಗ ಫೈಲಿನ ಒಳಗೇ ದಾಖಲಾಗುತ್ತದೆ. ಕಿಟಕಿಯಾಚೆ ಕಾಣುವ ಕಟ್ಟಡದಿಂದಲೂ ಮನೆ ಪತ್ತೆಹಚ್ಚುವವರಿದ್ದಾರೆ. ಹೊಸ ಫೋನ್‌ಗಳಲ್ಲಿ ಪವರ್ ಬಟನ್ ಸತತವಾಗಿ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಈಗಲೇ ನೋಡಿಡಿ.

ದಾರಿಹೋಕ
ಇಷ್ಟೆಲ್ಲ ಭಯ ಇದ್ದ ಮೇಲೆ ಆ ಕೆಲಸವನ್ನೇ ಬಿಡಬಾರದಾ? ಇದನ್ನೆಲ್ಲ ಹೇಳಿಕೊಟ್ಟು ನೀವು ಇನ್ನೂ ನಾಲ್ಕು ಜನರನ್ನು ಅದರೊಳಗೆ ತಳ್ಳುತ್ತಿದ್ದೀರಿ.

ಬಿಸಿಲುಗುದುರೆ
ಕೇಳಿದ ಪ್ರಶ್ನೆ ಅದಲ್ಲ. ಬಿಡುವವರು ನಾಳೆ ಬಿಡಲಿ, ಇವತ್ತು ರಾತ್ರಿ ಜೀವಂತವಾಗಿ ಮನೆಗೆ ಬರಬೇಕಲ್ವಾ? ನನ್ನ ಎರಡು ಮಕ್ಕಳ ಫೀಸು ಇದೇ ದುಡ್ಡಿನಲ್ಲಿ ನಡೆಯುತ್ತದೆ.

ಕಾಯ್ದೆಪುಸ್ತಕ
ದಾರಿಹೋಕರೇ, ಈ ಭಯದಲ್ಲಿ ಒಂದು ಪಾಲು ಕಾನೂನೇ ಹುಟ್ಟಿಸಿದ್ದು. ಇಂಗ್ಲೆಂಡಿನಲ್ಲಿ ಒಬ್ಬಳು ಒಂದು ಮನೆಯಲ್ಲಿ ಒಬ್ಬಳೇ ಈ ಕೆಲಸ ಮಾಡಿದರೆ ತಪ್ಪಿಲ್ಲ. ಇನ್ನೊಬ್ಬಳು ಜೊತೆಗೆ ಸೇರಿದರೆ ಅದು ವೇಶ್ಯಾಗೃಹ, ನಡೆಸುವುದು ಅಪರಾಧ. ಭಾರತದ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಕೊಡುವ ವೇಶ್ಯಾಗೃಹದ ವ್ಯಾಖ್ಯೆಯಲ್ಲೂ ಇಬ್ಬರು ಸೇರಿ ತಮ್ಮ ಲಾಭಕ್ಕೆ ಬಳಸುವ ಜಾಗ ಅದರೊಳಗೇ ಬರುತ್ತದೆ. ಸಂಜೆಮಲ್ಲಿಗೆ ಮೊದಲ ಸಾಲಿನಲ್ಲಿ ಹೇಳಿದರಲ್ಲ, ಪಕ್ಕದ ಕೋಣೆಯ ಧೈರ್ಯ. ಕಾನೂನು ಕಿತ್ತುಕೊಳ್ಳುವುದು ಅದನ್ನೇ. ನ್ಯೂಜಿಲೆಂಡಿನಲ್ಲಿ 2003ರ ಕಾಯ್ದೆ ಬಂದ ಮೇಲೆ ನಾಲ್ವರವರೆಗೆ ಯಾರ ಲೈಸೆನ್ಸೂ ಇಲ್ಲದೆ ಒಟ್ಟಿಗೆ ಕೆಲಸ ಮಾಡಬಹುದು. ಯಾವ ಗಿರಾಕಿಯನ್ನಾದರೂ ಬೇಡ ಅನ್ನುವ ಹಕ್ಕೂ ಅದರಲ್ಲಿ ಬರೆದಿದೆ. ಕೆನಡಾದ ಸುಪ್ರೀಂ ಕೋರ್ಟ್ 2013ರಲ್ಲಿ ಈ ಕೆಲಸದ ಬಗ್ಗೆ ಇದ್ದ ಮೂರು ಕಲಂಗಳನ್ನು ರದ್ದು ಮಾಡಿತು. ರಸ್ತೆಯಲ್ಲಿ ನಿಂತು ಗಿರಾಕಿಯ ಜೊತೆ ಮಾತಾಡುವುದೇ ಅಪರಾಧವಾದರೆ, ಅವನು ಕುಡಿದಿದ್ದಾನಾ, ಹೇಗಿದ್ದಾನೆ ಅಂತ ನೋಡಿಕೊಳ್ಳಲು ಸಮಯವೇ ಸಿಗುವುದಿಲ್ಲ ಅನ್ನುವುದು ಆ ತೀರ್ಪಿನ ಒಂದು ಮುಖ್ಯ ಕಾರಣ. ಮರುವರ್ಷ ಅಲ್ಲಿನ ಸರ್ಕಾರ ಹೊಸ ಕಾನೂನು ತಂದು ಕೊಳ್ಳುವವನನ್ನು ಅಪರಾಧಿ ಮಾಡಿತು. ಸಿಕ್ಕಿಬೀಳುವ ಭಯ ಇರುವ ಗಿರಾಕಿ ನಿಜವಾದ ಹೆಸರು ಕೊಡುವುದಿಲ್ಲ. ಅಲ್ಲಿಗೆ ಅವನನ್ನು ಪರೀಕ್ಷಿಸುವ ಕೆಲಸ ಇನ್ನೂ ಕಷ್ಟ.

ನೇರಮಾತು
ಕಾನೂನು ಬದಲಾಗುವವರೆಗೆ ಕಾಯಲು ಆಗುವುದಿಲ್ಲವಲ್ಲ. ಪರೀಕ್ಷಿಸುವುದು ಹೇಗೆ, ಅದನ್ನು ಹೇಳಿ. ಗುರುತಿನ ಚೀಟಿ ಕೇಳಿದರೆ ಯಾರೂ ಕೊಡುವುದಿಲ್ಲ.

ಹಳೇಕೈ
ಚೀಟಿ ಕೊಡದಿದ್ದರೆ ಬೇಡ. ಆದರೆ ದನಿ ಕೇಳದೆ ಹೋಗಬೇಡಿ. ಬರೀ ಮೆಸೇಜಿನಲ್ಲೇ ಎಲ್ಲ ಮುಗಿಸುವವನು, ನಂಬರ್ ಮುಚ್ಚಿಟ್ಟು ಕರೆ ಮಾಡುವವನು, ಇಬ್ಬರೂ ಬೇಡ. ಮಾತಾಡುವಾಗ ಹಿಂದೆ ಎಷ್ಟು ಗಂಡಸರ ದನಿ ಇದೆ ಕೇಳಿಸಿಕೊಳ್ಳಿ. ಕಾಂಡೋಮ್ ಬಗ್ಗೆ ಹೇಳಿದಾಗ ಚೌಕಾಸಿಗೆ ಇಳಿಯುತ್ತಾನಾ ನೋಡಿ. ಫೋನ್‌ನಲ್ಲೇ ನಿಮ್ಮ "ಇಲ್ಲ"ವನ್ನು ಕೇಳದವನು ರೂಮಿನಲ್ಲಿ ಕೇಳುತ್ತಾನಾ? ಅಂಥ ಗಿರಾಕಿಗಳ ಪಟ್ಟಿಯನ್ನು ನಮ್ಮವರೇ ಹಂಚಿಕೊಳ್ಳುವುದು ಹಳೆಯ ರೂಢಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1980ರ ದಶಕದಲ್ಲೇ ‘ಅಗ್ಲಿ ಮಗ್ಸ್’ ಅನ್ನುವ ಹೆಸರಿನಲ್ಲಿ ಶುರುವಾಯಿತು. ಬ್ರಿಟನ್‌ನಲ್ಲಿ 2012ರಿಂದ ಇಡೀ ದೇಶಕ್ಕೆ ಒಂದು ವ್ಯವಸ್ಥೆ ಇದೆ. ನಿಮ್ಮಲ್ಲಿ ಅಷ್ಟು ದೊಡ್ಡದು ಬೇಡ, ನಂಬಿಕೆಯ ನಾಲ್ಕು ಜನ ನಂಬರ್ ಹಂಚಿಕೊಂಡರೂ ಸಾಕು.

ನೇರಮಾತು
ದುಡ್ಡಿಲ್ಲದ ದಿನ ಇದೆಲ್ಲ ನೆನಪಿರುತ್ತದಾ ಅಕ್ಕ? ಬಾಡಿಗೆ ಕಟ್ಟುವ ದಿನ ಯಾರು ಕರೆದರೂ ಹೋಗುತ್ತೇವೆ. ನಾನು ಸುಮ್ನೆ ವಾದ ಮಾಡುತ್ತಿಲ್ಲ. ಬೇಡ ಅನ್ನುವುದಕ್ಕೂ ಕೈಯಲ್ಲಿ ದುಡ್ಡು ಬೇಕು.

ಹಳೇಕೈ
ನೀವು ಹೇಳುವುದು ಸರಿ, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಒಂದೆರಡು ಕೆಲಸದ ದುಡ್ಡನ್ನು ಮುಟ್ಟದೆ ಎತ್ತಿಡಲು ಆದರೆ ಇಡಿ, "ಬೇಡ" ಅನ್ನಲು ಅದೇ ಬಂಡವಾಳ. ಅದೂ ಇಲ್ಲದ ದಿನ ಹೋಗಲೇಬೇಕಾದರೆ ಜಾಗವನ್ನಾದರೂ ನೀವೇ ಆರಿಸಿ. ಹೋಟೆಲ್ ಆದರೆ ರಿಸೆಪ್ಷನ್‌ನಲ್ಲಿ ಭೇಟಿಯಾಗಿ ಒಟ್ಟಿಗೆ ಮೇಲೆ ಹೋಗಿ, ಅಲ್ಲಿ ಕ್ಯಾಮೆರಾ ಇರುತ್ತದೆ. ರೂಮಿಗೆ ಹೋದ ಕೂಡಲೇ ಬಾತ್‌ರೂಮ್ ನೋಡಿ, ಇನ್ನೊಬ್ಬ ಇದ್ದರೆ ಮಾತೇ ಆಡದೆ ತಿರುಗಿ ಬನ್ನಿ. ಬಾಗಿಲಿನ ಕಡೆಯ ಬದಿ ನಿಮ್ಮದಾಗಿರಲಿ. ಚಿಲಕ ಹಾಕುವುದನ್ನು ನೀವೇ ಮಾಡಿ, ಹೇಗೆ ತೆಗೆಯಬೇಕು ಅಂತ ಕೈಗೆ ಗೊತ್ತಿರುತ್ತದೆ. ಕತ್ತಿನಲ್ಲಿ ಸರ, ದುಪಟ್ಟಾ ಬೇಡ. ಹಿಡಿದು ಎಳೆಯುವಂಥದ್ದು ಯಾವುದೂ ಬೇಡ. ಬಿಚ್ಚಿಟ್ಟ ಬಾಟಲಿಯಿಂದ ನೀರನ್ನೂ ಕುಡಿಯಬೇಡಿ. ಕಾರು ಆದರೆ ಹಿಂದಿನ ಸೀಟು ನೋಡಿ, ಬಾಗಿಲು ಒಳಗಿನಿಂದ ತೆರೆಯುತ್ತದಾ ಪರೀಕ್ಷಿಸಿ. ಹತ್ತುವ ಮುಂಚೆ ನಂಬರನ್ನು ಗೆಳತಿಗೆ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿ.

ಇಷ್ಟೆಲ್ಲ ಮಾಡಿಯೂ ಏನಾದರೂ ಆದರೆ ತಪ್ಪು ಹೊಡೆದವನದ್ದು. "ನಾನು ಬಾತ್‌ರೂಮ್ ನೋಡಲಿಲ್ಲ, ಅದಕ್ಕೇ ಹೀಗಾಯಿತು" ಅಂತ ಯಾರೂ ತಮ್ಮನ್ನೇ ಬೈದುಕೊಳ್ಳಬೇಡಿ.

ಸಂಜೆಮಲ್ಲಿಗೆ
ಎಲ್ಲರಿಗೂ ಥ್ಯಾಂಕ್ಸ್. ಈಗಲೇ ಗೆಳತಿಯ ಜೊತೆ ಮಾತಾಡಿದೆ. ಅವಳೂ ಇದೇ ಕೆಲಸದಲ್ಲಿದ್ದಾಳೆ, ಒಬ್ಬರಿಗೊಬ್ಬರು ಕಾವಲು ಅಂತ ಒಪ್ಪಿಕೊಂಡೆವು. ಎರಡು ಗುಟ್ಟಿನ ಮಾತು ಇಟ್ಟುಕೊಂಡಿದ್ದೇವೆ. ಒಂದು ಹೇಳಿದರೆ ಎಲ್ಲ ಸರಿ ಅಂತ. ಇನ್ನೊಂದು ಹೇಳಿದರೆ ಪಕ್ಕದಲ್ಲಿ ಅವನಿದ್ದಾನೆ, ಬಾಯಿಬಿಡಲು ಆಗುತ್ತಿಲ್ಲ, ಸಹಾಯ ಕಳಿಸು ಅಂತ. ಹೇಳಿದ ಹೊತ್ತಿಗೆ ಫೋನ್ ಬರದಿದ್ದರೆ 10 ನಿಮಿಷ ಬಿಟ್ಟು ಅವಳು ಮಾಡುತ್ತಾಳೆ. ನಾನು ಎತ್ತದಿದ್ದರೆ ಅವನ ನಂಬರಿಗೆ.

ಹಳೇಕೈ
ಚೆನ್ನಾಗಿದೆ. ಅವನೂ ಎತ್ತದಿದ್ದರೆ? ಆಗ ಹೋಟೆಲ್ ರಿಸೆಪ್ಷನ್‌ಗೆ ಫೋನ್ ಮಾಡಿ ರೂಮಿನ ಬಾಗಿಲು ತಟ್ಟಿಸಲಿ. ಅದಕ್ಕೂ ಮೀರಿದರೆ ಪೊಲೀಸರಿಗೆ. ಹೆಸರು ಕೇಳಿದರೆ ನಿನ್ನ ಯಾವ ಹೆಸರು ಹೇಳಬೇಕು, ಕೆಲಸದ್ದಾ, ನಿಜವಾದದ್ದಾ, ಅದನ್ನೂ ಈಗಲೇ ಮಾತಾಡಿಕೊಳ್ಳಿ. ಆ ಹೊತ್ತಿನಲ್ಲಿ ಅವಳು ಯೋಚನೆ ಮಾಡುತ್ತಾ ಕೂರಬಾರದು.