ಕಳೆದ ವರ್ಷ ಬಕೆಟ್ ತುಂಬ ಹುಳ, ಈ ವರ್ಷ ಖಾಲಿ ನೀರು: ಲ್ಯೂರ್ ಮತ್ತು ಇಲಿವಿಷದ ಕೇಕ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಕಾಸರಗೋಡಿನ ಪೆರ್ಲದಿಂದ): ಮೇಡಂ ನಮಸ್ಕಾರ. ನಮ್ಮದು ಎರಡೂವರೆ ಎಕರೆ, ತೆಂಗು ಮತ್ತು ಕಂಗು. ತೆಂಗು ಹೆಚ್ಚಿನವು ಏಳೆಂಟು ವರ್ಷದವು. ಕೆಂಪು ಮೂತಿ ಹುಳಕ್ಕೆ ಕಳೆದ ವರ್ಷ ಬಕೆಟ್ ಬಲೆ ಕಟ್ಟಿದ್ದೆ, ವಾರಕ್ಕೆ ಹತ್ತು ಹನ್ನೆರಡು ಬೀಳುತ್ತಿದ್ದವು. ಈ ವರ್ಷ ಅದೇ ಕಂಪನಿ, ಅದೇ ಬಣ್ಣದ ಪ್ಯಾಕೆಟ್, ಅದೇ ಬಕೆಟ್, ಕಟ್ಟಿದ ಜಾಗವೂ ಅದೇ, ಆದರೆ ಒಂದು ತಿಂಗಳಲ್ಲಿ ಬಿದ್ದದ್ದು ಒಟ್ಟು ಎರಡು. ಹುಳ ಕಮ್ಮಿಯಾಗಿದೆ ಅಂತ ಖುಷಿಪಡೋಣ ಅಂದರೆ ಮೊನ್ನೆ ಒಂದು ಮರದ ಸುಳಿ ಬಾಡಿ ಬಿತ್ತು. ಪ್ಯಾಕೆಟ್ ಡೂಪ್ಲಿಕೇಟಾ, ನನ್ನದೇ ತಪ್ಪಾ?

ಉತ್ತರ: ನಮಸ್ಕಾರ. ಎರಡೂ ಇರಬಹುದು. ನಾನು ಕೀಟಗಳ ಹಿಂದೆ ಕೆಲಸ ಮಾಡಿ ಈಗ ನಿವೃತ್ತಿಯಾಗಿರುವವಳು. ಈ ಒಂದು ದೂರು ಮಾತ್ರ ನನ್ನನ್ನು ಬಿಟ್ಟಿಲ್ಲ. ಒಂದೇ ಹೆಸರಿನ ಲ್ಯೂರ್, ಅಂದರೆ ವಾಸನೆಯಿಂದ ಹುಳವನ್ನು ಬಲೆಗೆ ಸೆಳೆಯುವ ಪೊಟ್ಟಣ, ಒಂದು ಬ್ಯಾಚಿನಲ್ಲಿ ಚಿನ್ನ, ಇನ್ನೊಂದರಲ್ಲಿ ತಗಡು. ಇದು ನಿಜ, ನಿಮ್ಮ ಭ್ರಮೆ ಅಲ್ಲ.

ಒಳಗೆ ಏನಿದೆ ಅಂತ ಮೊದಲು ಹೇಳುತ್ತೇನೆ. ಕೆಂಪು ಮೂತಿಯ ಗಂಡು ಹುಳ ಆಹಾರ ಸಿಕ್ಕಾಗ ಒಂದು ವಾಸನೆ ಬಿಡುತ್ತದೆ, ಅದಕ್ಕೆ ಗಂಡೂ ಹೆಣ್ಣೂ ಬಂದು ಸೇರುತ್ತವೆ. ಕೆಲವು ಪ್ಯಾಕೆಟ್ ಮೇಲೆ 'ಲಿಂಗಾಕರ್ಷಕ' ಅಂತ ಬರೆಯುತ್ತಾರೆ, ಅದು ತಪ್ಪು, ಇದು ಒಟ್ಟುಗೂಡಿಸುವ ವಾಸನೆ. ವಿಜ್ಞಾನಿಗಳು ಇದನ್ನು ಗುರುತಿಸಿದ್ದು 1993ರಲ್ಲಿ. 4-ಮೀಥೈಲ್-5-ನೊನನಾಲ್ ಒಂಬತ್ತು ಪಾಲು, ಅದರ ಜೊತೆಯ ನೊನನೋನ್ ಒಂದು ಪಾಲು. ಕಾರ್ಖಾನೆಯಲ್ಲಿ ಇದನ್ನು ತಯಾರಿಸಿ ಪ್ಲಾಸ್ಟಿಕ್ ಪೊಟ್ಟಣಕ್ಕೆ ತುಂಬುತ್ತಾರೆ, ಆ ಪ್ಲಾಸ್ಟಿಕ್ಕಿನ ಮೂಲಕ ಅದು ದಿನಕ್ಕೆ ಕೆಲವೇ ಮಿಲಿಗ್ರಾಂ ಹೊರಗೆ ಬರಬೇಕು. ಪ್ಲಾಸ್ಟಿಕ್ ಸ್ವಲ್ಪ ತೆಳ್ಳಗಾದರೆ ಒಂದು ತಿಂಗಳಲ್ಲಿ ಖಾಲಿ. ದಪ್ಪವಾದರೆ ಒಳಗೆ ದ್ರವ ತುಂಬಿದ್ದರೂ ಹುಳಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಸೀಲ್ ಸರಿ ಬೀಳದಿದ್ದರೆ ಮೂಲೆಯಿಂದ ಜಿನುಗಿ ಹೋಗುತ್ತದೆ. ನಾನೊಮ್ಮೆ ಒಂದೇ ಪೆಟ್ಟಿಗೆಯ ಆರು ಪೊಟ್ಟಣ ಬಿಡಿಸಿ ನೋಡಿದೆ, ಎರಡರಲ್ಲಿ ಉಳಿದವುಗಳ ಅರ್ಧದಷ್ಟೂ ದ್ರವ ಇರಲಿಲ್ಲ, ಕವರಿನ ಮೂಲೆಯಲ್ಲಿ ಎಣ್ಣೆ ಸೋರಿದ ಹಾಗೆ ಜಿಡ್ಡು. ಆರಕ್ಕೂ ಬೆಲೆ ಒಂದೇ, ತಯಾರಾದ ತಿಂಗಳೂ ಒಂದೇ.

ಈಗ ನೀವು ಹೇಳಿ. ಬಕೆಟಿನಲ್ಲಿ ಲ್ಯೂರ್ ಜೊತೆಗೆ ಏನು ಹಾಕುತ್ತೀರಿ? ಬಕೆಟಿನ ಹೊರಗೆ ಗೋಣಿ ಸುತ್ತಿದ್ದೀರಾ? ಪ್ಯಾಕೆಟ್ ತಂದ ಮೇಲೆ ಎಷ್ಟು ದಿನ ಎಲ್ಲಿ ಇಟ್ಟಿದ್ದಿರಿ?

ಪ್ರಶ್ನೆ (ಪೆರ್ಲ): ಗೋಣಿ ಉಂಟು. ಬಾಳೆಹಣ್ಣು, ಬೆಲ್ಲದ ನೀರು ಹಾಕಿದ್ದೆ, ಬದಲಾಯಿಸಿದ್ದು ತಿಂಗಳಿಗೊಮ್ಮೆ. ಪ್ಯಾಕೆಟ್ ಜನವರಿಯಲ್ಲಿ ತಂದದ್ದು, ಕಟ್ಟಿದ್ದು ಏಪ್ರಿಲ್‌ನಲ್ಲಿ. ಮಧ್ಯೆ ಪಂಪ್ ಶೆಡ್ಡಿನಲ್ಲಿ ಇತ್ತು.

ಉತ್ತರ: ಪಂಪ್ ಶೆಡ್ಡಿಗೆ ಶೀಟಿನ ಚಾವಣಿ ಅಲ್ವಾ? ಮಾರ್ಚಿನ ಬಿಸಿಲಲ್ಲಿ ಅದರೊಳಗೆ ನಿಮಗೇ ನಿಲ್ಲಲು ಆಗುವುದಿಲ್ಲ. ಮೂರು ತಿಂಗಳು ಆ ಪೊಟ್ಟಣ ಹುಳ ಹಿಡಿಯುವ ಕೆಲಸವನ್ನು ನಿಮ್ಮ ಶೆಡ್ಡಿನಲ್ಲಿ ಸುಮ್ನೆ ಮಾಡಿ ಮುಗಿಸಿದೆ. ಹೊರಗಿನ ಅಲ್ಯೂಮಿನಿಯಂ ಕವರ್ ಒಡೆಯದೆ ಫ್ರಿಜ್ಜಿನಲ್ಲಿಡಬೇಕು, ಒಂದು ಡಬ್ಬಿಯಲ್ಲಿ ಹಾಕಿ ಮಕ್ಕಳ ಕೈಗೆ ಸಿಗದಂತೆ.

ಇನ್ನು ಹಣ್ಣಿನ ವಿಷಯ. ಇದಕ್ಕೆ ಬಲೆಯಲ್ಲಿ ಅರ್ಧ ಪಾಲು ಉಂಟು. ದೂರದಿಂದ ಹುಳವನ್ನು ಕರೆಯುವುದು ಲ್ಯೂರ್, ಬಕೆಟಿನ ಒಳಗೆ ಇಳಿಸುವುದು ಹುಳಿ ಬಂದ ಹಣ್ಣಿನ ವಾಸನೆ. ಹಣ್ಣು ಒಣಗಿ ನೀರು ಆರಿದರೆ ಹುಳ ತೋಟದವರೆಗೆ ಬಂದು ಪಕ್ಕದ ಮರಕ್ಕೆ ಹೋಗಿ ಕೂರುತ್ತದೆ. ಅಂದರೆ ನೀವೇ ದುಡ್ಡು ಕೊಟ್ಟು ಹುಳಕ್ಕೆ ಆಮಂತ್ರಣ ಕಳಿಸಿ ಮನೆ ಬಾಗಿಲು ಹಾಕಿದ ಹಾಗೆ. ವಾರಕ್ಕೊಮ್ಮೆ, ಜಾಸ್ತಿ ಅಂದರೆ ಹತ್ತು ದಿನಕ್ಕೊಮ್ಮೆ ಬದಲಾಯಿಸಿ. ಕದಳಿ ಹಣ್ಣು, ಅನನಾಸಿನ ಸಿಪ್ಪೆ, ಕಬ್ಬಿನ ತುಂಡು, ಯಾವುದೂ ಆದೀತು, ಒಂದು ಚಿಟಿಕೆ ಯೀಸ್ಟ್ ಹಾಕಿದರೆ ಬೇಗ ಹುಳಿ ಬರುತ್ತದೆ. ಕಳ್ಳು ಸಿಕ್ಕಿದರೆ ಇನ್ನೂ ಒಳ್ಳೆಯದು, ಆದರೆ ಅದು ಬಕೆಟಿನವರೆಗೆ ತಲುಪುವುದಕ್ಕೆ ನಾನು ಗ್ಯಾರಂಟಿ ಕೊಡುವುದಿಲ್ಲ.

ಪ್ರಶ್ನೆ (ಮಂಜೇಶ್ವರದಿಂದ): ನಡುವೆ ಬಾಯಿ ಹಾಕುತ್ತೇನೆ, ಬೇಸರಿಸಬೇಡಿ. ಶೆಡ್ಡು, ಹಣ್ಣು ಅಂತ ಕೃಷಿಕನ ಮೇಲೆಯೇ ಹಾಕಿದರೆ ಹೇಗೆ? ನಾನು ಅಂಗಡಿಯಿಂದ ತಂದ ದಿನವೇ ಕಟ್ಟಿದ್ದೇನೆ, ಒಂದೂ ಇಲ್ಲ. ಮೂಗಿಗೆ ಹಿಡಿದರೆ ವಾಸನೆ ಮಾತ್ರ ಘಮ್ಮಂತ ಬರುತ್ತದೆ.

ಉತ್ತರ: ನೀವು ಹೇಳುವುದು ಸರಿ. ಅಂಗಡಿಗೆ ಬರುವ ಮೊದಲೇ ಹಾಳಾಗಿರಬಹುದು. ಲಾರಿಯಲ್ಲಿ ಎಷ್ಟು ದಿನ, ಗೋಡೌನಿನಲ್ಲಿ ಎಷ್ಟು ತಿಂಗಳು ಅಂತ ಪ್ಯಾಕೆಟ್ ಹೇಳುವುದಿಲ್ಲ. ಆದರೆ ನಿಮ್ಮ ಮೂಗನ್ನು ನಂಬಬೇಡಿ. ಹುಳಕ್ಕೆ ಬೇಕಾದ್ದು ಬೇರೆ, ನಮಗೆ ಘಮ್ಮೆನ್ನುವುದು ಬೇರೆ.

ನಂಬಬೇಕಾದ್ದು ತಕ್ಕಡಿ. ಅಡುಗೆಮನೆಯದ್ದಲ್ಲ, ಅದು ಗ್ರಾಂ ಲೆಕ್ಕದ್ದು. ಅಕ್ಕಸಾಲಿಗರ ಹತ್ತಿರ ಮಿಲಿಗ್ರಾಂ ತೋರಿಸುವ ತಕ್ಕಡಿ ಇರುತ್ತದೆ. ನಾನು ಪರಿಚಯದ ಒಬ್ಬರ ಅಂಗಡಿಗೆ ಹೋಗಿ ಚಿನ್ನ ತೂಗುವಲ್ಲಿ ಲ್ಯೂರ್ ಇಟ್ಟಾಗ ಅವರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಹೊರ ಕವರ್ ತೆಗೆದು ಪೊಟ್ಟಣದ ತೂಕ ಬರೆದುಕೊಳ್ಳಿ, ನೆರಳಲ್ಲಿ ನೇತುಹಾಕಿ, ವಾರ ಬಿಟ್ಟು ಧೂಳು ಒರೆಸಿ ಮತ್ತೆ ತೂಗಿ. ಪ್ಯಾಕೆಟ್ ಮೇಲೆ 800 ಮಿಲಿಗ್ರಾಂ ಅಂತ ಇದ್ದು ವಾರಕ್ಕೆ 35 ಇಳಿದರೆ ದಿನಕ್ಕೆ 5, ಅಂದರೆ ಐದು ತಿಂಗಳು ಬರುತ್ತದೆ. ವಾರಕ್ಕೆ 70 ಇಳಿದರೆ ಎರಡೂವರೆ ತಿಂಗಳಲ್ಲಿ ಮುಗಿಯಿತು. ತೂಕ ಇಳಿಯುವುದೇ ಇಲ್ಲ ಅಂದರೆ ಅದನ್ನು ಕಟ್ಟಿ ಏನೂ ಪ್ರಯೋಜನವಿಲ್ಲ, ಅಂಗಡಿಗೆ ವಾಪಸ್ ಕೊಡಿ.

ಇನ್ನೊಂದು, ಪ್ಯಾಕೆಟ್ ಮೇಲೆ ಏನು ಬರೆದಿದೆ, ಓದಿದ್ದೀರಾ?

ಪ್ರಶ್ನೆ (ಮಂಜೇಶ್ವರ): ಇಂಗ್ಲಿಷು ಮತ್ತು ಮಲಯಾಳ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅಂಗಡಿಯಲ್ಲಿ 'ಚೆಲ್ಲಿಗೆ ಹಾಕುವ ಲ್ಯೂರ್ ಕೊಡಿ' ಅಂದೆ, ಕೊಟ್ಟರು. ಫೋಟೋ ಹಾಕಿದ್ದೇನೆ.

ಉತ್ತರ: ಸಿಕ್ಕಿತು ನೋಡಿ! ಫೋಟೋದಲ್ಲಿ ಇರುವುದು ಕೊಂಬನ್ ಚೆಲ್ಲಿಯ ಲ್ಯೂರ್. ಅದು ನಮ್ಮ ಕುರುವಾಯಿ, ಕೊಂಬಿರುವ ಕಪ್ಪು ದುಂಬಿ. ನಿಮಗೆ ಬೇಕಾದ್ದು ಚೆಂಬನ್ ಚೆಲ್ಲಿಯದ್ದು, ಅಂದರೆ ಕೆಂಪು ಮೂತಿಯದ್ದು. ಮಲಯಾಳದಲ್ಲಿ ಎರಡೂ ಚೆಲ್ಲಿಯೇ. ಕೊಂಬನ್ನಿನ ಲ್ಯೂರ್ ಬೇರೆಯೇ ರಾಸಾಯನಿಕ, ಈಥೈಲ್ 4-ಮೀಥೈಲ್ ಆಕ್ಟನೋಯೇಟ್, ಅದಕ್ಕೆ ಕೆಂಪು ಮೂತಿ ತಿರುಗಿಯೂ ನೋಡುವುದಿಲ್ಲ. ಕಂಪನಿಗೆ ಬೈಯುವ ಮೊದಲು ಗಡಿನಾಡಿನಲ್ಲಿ ನಾವು ಈ ಒಂದು ಪರೀಕ್ಷೆ ಮಾಡಲೇಬೇಕು. ಮಲಯಾಳ ಓದಲು ಬರುವವರಿಂದ ಓದಿಸಿ, ಇಲ್ಲವಾದರೆ ಇಂಗ್ಲಿಷಿನಲ್ಲಿ 'ರೆಡ್ ಪಾಮ್ ವೀವಿಲ್' ಅಂತ ಇದೆಯಾ ನೋಡಿ.

ಆದರೆ ತಂದದ್ದನ್ನು ಎಸೆಯಬೇಡಿ. ಕುರುವಾಯಿ ಕೊರೆದ ಗಾಯದ ವಾಸನೆಗೇ ಕೆಂಪು ಮೂತಿ ಬಂದು ಮೊಟ್ಟೆ ಇಡುತ್ತದೆ. ಹಾಗಾಗಿ ಕೊಂಬನ್ ಕಮ್ಮಿಯಾದರೆ ಚೆಂಬನ್ನಿಗೂ ದಾರಿ ಕಮ್ಮಿ. ಕೊಂಬನ್ನಿನ ಲ್ಯೂರಿಗೆ ಹುಳಿ ಹಣ್ಣು ಬೇಡ. ಆದರೆ ಹಟ್ಟಿಗೊಬ್ಬರದ ಗುಂಡಿ, ಕೊಳೆತ ತೆಂಗಿನ ಬೊಡ್ಡೆ ಹಾಗೇ ಬಿಟ್ಟು ಲ್ಯೂರ್ ಮಾತ್ರ ಕಟ್ಟಿದರೆ ಆಗುವುದಿಲ್ಲ, ಅದು ಹುಟ್ಟುವುದೇ ಅಲ್ಲಿ.

ಪ್ರಶ್ನೆ (ಅಂಗಡಿಯವ, ಕುಂಬಳೆ): ಮೇಡಂ, ನಾನು ಗೊಬ್ಬರ, ಮದ್ದಿನ ಅಂಗಡಿ ನಡೆಸುವವ. ನಮ್ಮನ್ನೂ ಸ್ವಲ್ಪ ಕೇಳಿ. ಕೊರಿಯರಿನಲ್ಲಿ ಬರುವಾಗಲೇ ಪೆಟ್ಟಿಗೆ ಬಿಸಿ ಇರುತ್ತದೆ. ಅಂಗಡಿಯಲ್ಲಿ ಫ್ರಿಜ್ ಇಡಿ ಅಂದರೆ ಕರೆಂಟ್ ಬಿಲ್ ಯಾರು ಕಟ್ಟುವುದು? ಲ್ಯೂರ್ ವರ್ಷಕ್ಕೆ ಮಾರುವುದೇ ಐವತ್ತು ಅರುವತ್ತು. ವಾಪಸ್ ಕಳಿಸಿದರೆ ಕಂಪನಿಯವರು ತೆಗೆದುಕೊಳ್ಳುವುದಿಲ್ಲ, ಬರುವವರೋ ಕಮ್ಮಿ ರೇಟಿನದ್ದು ಯಾವುದು ಅಂತಲೇ ಕೇಳುವುದು.

ಉತ್ತರ: ನಿಮ್ಮ ಮಾತು ಸರಿ. ಫ್ರಿಜ್ ಬೇಡ, ಮಣ್ಣಿನ ನೆಲದ ಹತ್ತಿರ, ಬಿಸಿಲು ಬೀಳದ ಕೆಳಗಿನ ಕಪಾಟಿನಲ್ಲಿಡಿ. ಗಾಜಿನ ಶೋಕೇಸಿನಲ್ಲಿ ಪ್ರದರ್ಶನಕ್ಕಿಡಬೇಡಿ, ಅಷ್ಟೇ. ಮತ್ತು ಐದೈದೇ ತರಿಸಿ. ಕೊಳ್ಳುವವರು ಎಕ್ಸ್‌ಪೈರಿ ನೋಡುವುದಕ್ಕಿಂತ ತಯಾರಾದ ದಿನ ನೋಡಿ, ಎಕ್ಸ್‌ಪೈರಿ ತಂಪಿನಲ್ಲಿಟ್ಟರೆ ಮಾತ್ರ ನಿಜ.

ಪ್ರಶ್ನೆ (ಮುಳ್ಳೇರಿಯದಿಂದ): ಅಕ್ಕಾ, ನಮ್ಮಲ್ಲಿ ಹುಳಕ್ಕಿಂತ ಇಲಿ ಕಾಟ. ಕೊಕ್ಕೊ ಕಾಯಿ ಒಂದೂ ಬಿಡುವುದಿಲ್ಲ. ನೀಲಿ ಕೇಕ್ ತಂದು ಇಟ್ಟರೆ ಒಂದು ಸಲ ರಾತ್ರಿಯೇ ಖಾಲಿ, ಇನ್ನೊಂದು ಸಲ ತಂದದ್ದನ್ನು ಮೂಸಿಯೂ ನೋಡುವುದಿಲ್ಲ. ಇದಕ್ಕೂ ಬ್ಯಾಚ್ ಕಥೆಯಾ?

ಉತ್ತರ: ಸ್ವಲ್ಪ ಹೌದು, ಆದರೆ ಇಲ್ಲಿ ಕಳ್ಳ ಬೇರೆ. ನಿಮ್ಮ ನೀಲಿ ಕೇಕ್, ಅಂದರೆ ಬ್ರೊಮಾಡಯೊಲೋನ್ ಎಂಬ ಇಲಿವಿಷದ ಕೇಕಿನಲ್ಲಿ ವಿಷ ಇರುವುದು 0.005 ಶೇಕಡಾ, ಉಳಿದದ್ದೆಲ್ಲ ಧಾನ್ಯ ಮತ್ತು ಮೇಣ. ಇಲಿ ತಿನ್ನುವುದು ಧಾನ್ಯವನ್ನು ನೋಡಿ. ಆ ಧಾನ್ಯ ಹಳತಾಗಿ ಮುಗ್ಗಲು ಬಂದರೆ ಮುಗಿಯಿತು. ಅದಕ್ಕಿಂತ ಜಾಸ್ತಿ ನಾನು ಕಂಡದ್ದು ಬಿಡಿ ಮಾರಾಟ. ಪೆಟ್ಟಿಗೆ ಒಡೆದು ಒಂದೊಂದೇ ಕೇಕ್ ಕೊಡುತ್ತಾರೆ, ಪಕ್ಕದಲ್ಲೇ ನಾಫ್ತಲಿನ್ ಗುಳಿಗೆ, ಇನ್ನೊಂದು ಬದಿಯಲ್ಲಿ ಕೀಟನಾಶಕದ ಬಾಟಲಿ. ಮೇಣ ಆ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಇಲಿ ಮೊದಲೇ ಅನುಮಾನದ ಪ್ರಾಣಿ, ಹೊಸ ವಸ್ತುವನ್ನು ಎರಡು ದಿನ ಸುತ್ತು ಹಾಕಿಯೇ ಮುಟ್ಟುವುದು.

ಸೀಲ್ ಇರುವ ಪ್ಯಾಕೆಟ್ ಮಾತ್ರ ತನ್ನಿ. 1968ರ ಕೀಟನಾಶಕ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ, ನೋಂದಣಿ ಸಂಖ್ಯೆ, ಬ್ಯಾಚ್ ನಂಬರ್, ತಯಾರಾದ ದಿನ, ಮುಗಿಯುವ ದಿನ ಎಲ್ಲ ಮೇಲೆ ಇರಲೇಬೇಕು. ಬಿಡಿ ಕೇಕಿಗೆ ಇದು ಯಾವುದೂ ಇರುವುದಿಲ್ಲ, ಹಾಗಾಗಿ ದೂರು ಕೊಡಲೂ ದಾರಿ ಇಲ್ಲ. 10 ಗ್ರಾಂ ಕೇಕನ್ನು ಕೊಕ್ಕೊ ಕೊಂಬೆಗೆ ಕಟ್ಟಿ, ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ. ತೆಂಗಾದರೆ ಐದು ಮರಕ್ಕೆ ಒಂದರ ಮಂಡೆಯಲ್ಲಿ ಸಾಕು. ತಿಂದ ಮರುದಿನ ಇಲಿ ಸಾಯಲಿಲ್ಲ ಅಂತ ಕೇಕ್ ಖೋಟಾ ಅನ್ನಬೇಡಿ, ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ, ಸಾಯಲು ನಾಲ್ಕೈದು ದಿನ ಬೇಕು. ನಿಧಾನವಾದ್ದರಿಂದಲೇ ಉಳಿದ ಇಲಿಗಳಿಗೆ ಅನುಮಾನ ಬರುವುದಿಲ್ಲ.

ಕರಿ ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಬೇಗ ಕೊಲ್ಲುತ್ತದೆ. ಆದರೆ ಡಬ್ಬಿಗೆ ತೇವ ಹಿಡಿದರೆ ಫಾಸ್ಫೀನ್ ಅನಿಲವಾಗಿ ಹೋಗಿ ಕಸುವು ಕಳೆದುಕೊಳ್ಳುತ್ತದೆ, ಆ ಅನಿಲ ನಮಗೂ ವಿಷ. ಅರ್ಧ ಸತ್ತು ಬದುಕಿದ ಇಲಿ ಮತ್ತೆ ಆ ರುಚಿಯ ಹತ್ತಿರ ಬರುವುದಿಲ್ಲ. ನಮ್ಮ ಮಳೆಗಾಲಕ್ಕೆ ಅದು ಹೇಳಿದ್ದಲ್ಲ. ಮನುಷ್ಯರಿಗೆ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೂ ಇಲ್ಲ. ಕೇಕಿನದ್ದಕ್ಕಾದರೆ ಆಸ್ಪತ್ರೆಯಲ್ಲಿ ವಿಟಮಿನ್ ಕೆ1 ಕೊಡುತ್ತಾರೆ, ಆಗ ಪ್ಯಾಕೆಟನ್ನೂ ಜೊತೆಗೆ ಒಯ್ಯಬೇಕು.

ನಿಜ ಹೇಳಬೇಕೆಂದರೆ ಮನೆಯ ಹತ್ತಿರಕ್ಕೆ ನನಗೆ ಬೋನೇ ಇಷ್ಟ. ಸತ್ತ ಇಲಿಯನ್ನು ತಿಂದ ಬೆಕ್ಕು, ಗೂಬೆ, ಕೇರೆ ಹಾವಿಗೂ ವಿಷ ಹೋಗುತ್ತದೆ, ಆಮೇಲೆ ಇಲಿ ಹಿಡಿಯುವವರು ಯಾರೂ ಉಳಿಯುವುದಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ಕಂಡ ಊರಿನವರು ನಾವು, ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಬೋನಿಗೆ ಟ್ಯೂಬಿನಲ್ಲಿ ಬರುವ ಆಕರ್ಷಕ ಪೇಸ್ಟ್ ಬೇಡ. ಕೊಬ್ಬರಿ ತುಂಡನ್ನು ಕೆಂಡದಲ್ಲಿ ಸ್ವಲ್ಪ ಸುಟ್ಟು ಸಿಕ್ಕಿಸಿ, ಒಣ ಮೀನು ತಿನ್ನುವ ಮನೆಯಾದರೆ ಒಂದು ಒಣ ಸಿಗಡಿ. ಎರಡು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ ತಿನ್ನಲು ಬಿಡಿ, ಮೂರನೇ ರಾತ್ರಿ ಬಿಚ್ಚಿ. ಸತ್ತದ್ದನ್ನು ಬರಿಗೈಯಲ್ಲಿ ಎತ್ತಬೇಡಿ, ಇಲಿಜ್ವರ ನಮ್ಮಲ್ಲಿ ಹೊಸತಲ್ಲ.

ಪ್ರಶ್ನೆ (ಬದಿಯಡ್ಕದಿಂದ): ಸಣ್ಣ ಪ್ರಶ್ನೆ. ಸೌತೆ, ಹಾಗಲಕ್ಕೆ ಹಣ್ಣುನೊಣದ ಬಲೆ ಕಟ್ಟಿದ್ದೇನೆ. ನೊಣ ರಾಶಿ ಬೀಳುತ್ತದೆ, ಕಾಯಿಯಲ್ಲಿ ಹುಳವೂ ರಾಶಿ.

ಉತ್ತರ: ನಿಮ್ಮದರಲ್ಲಿ ಮೀಥೈಲ್ ಯೂಜಿನಾಲ್ ಇರಬೇಕು, ಅದು ಮಾವು, ಪೇರಳೆಯ ನೊಣಕ್ಕೆ. ತರಕಾರಿ ಬಳ್ಳಿಗೆ ಕ್ಯೂ ಲ್ಯೂರ್ ಕೇಳಿ. ಎರಡಕ್ಕೂ ಬೀಳುವುದು ಗಂಡು ನೊಣ ಮಾತ್ರ, ಚುಚ್ಚಿದ ಕಾಯಿಯನ್ನು ದಿನಾ ಹೆಕ್ಕಿ ನೀರಿನಲ್ಲಿ ಮುಳುಗಿಸದಿದ್ದರೆ ಯಾವ ಲ್ಯೂರೂ ಸಾಲದು.

ಪೆರ್ಲದವರೇ, ನಿಮಗೊಂದು ಕೆಲಸ. ಹೊಸ ಲ್ಯೂರ್ ಒಂದು ತನ್ನಿ, ತಯಾರಾದ ದಿನ ನೋಡಿ. ಹಳೆಯದನ್ನು ಒಂದು ಬಕೆಟಿಗೆ, ಹೊಸತನ್ನು ಇನ್ನೊಂದಕ್ಕೆ, ಎರಡಕ್ಕೂ ಒಂದೇ ಹಣ್ಣು, ಒಂದೇ ದಿನ. ಹತ್ತು ದಿನ ಎಣಿಸಿ, ಆಮೇಲೆ ಬಕೆಟಿನ ಜಾಗ ಅದಲು ಬದಲು ಮಾಡಿ ಇನ್ನೂ ಹತ್ತು ದಿನ. ಜಾಗ ಬದಲಿಸದಿದ್ದರೆ ಜಾಗದ ಗುಣವಾ ಲ್ಯೂರಿನ ಗುಣವಾ ಗೊತ್ತಾಗುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದೇ ಬಕೆಟ್ ಇಡಿ, ಎರಡೂವರೆ ಎಕರೆಗೆ ಒಂದು ಸಾಕು, ಎಳೆಯ ಮರಗಳಿಂದ ದೂರ, ಬೇಲಿಯ ಬದಿಗೆ.

ಪ್ರಶ್ನೆ (ಪೆರ್ಲ, ಮೂರು ವಾರ ಬಿಟ್ಟು): ಮೇಡಂ, ಲೆಕ್ಕ ತಂದಿದ್ದೇನೆ. ಮೊದಲ ಹತ್ತು ದಿನ ಹೊಸತಕ್ಕೆ 14, ಹಳೆಯದಕ್ಕೆ 3. ಜಾಗ ಬದಲಿಸಿದ ಮೇಲೆ ಹೊಸತಕ್ಕೆ 9, ಹಳೆಯದಕ್ಕೆ 4. ಹಳೆಯದರದ್ದು ಕಥೆ ಮುಗಿದಿದೆ, ಶೆಡ್ಡಿನ ತಪ್ಪನ್ನು ಒಪ್ಪಿದೆ. ಆದರೆ ಜನವರಿಯಲ್ಲಿ ತಂದದ್ದರಲ್ಲಿ ಒಡೆಯದ ಇನ್ನೊಂದು ಪ್ಯಾಕೆಟ್ ಇತ್ತು, ಅದರ ಮೂಲೆಯಲ್ಲೂ ನೀವು ಹೇಳಿದ ಜಿಡ್ಡು. ಫೋಟೋ ತೋರಿಸಿದ ಮೇಲೆ ಅಂಗಡಿಯವರು ಮಾತಾಡದೆ ಬದಲಿಸಿ ಕೊಟ್ಟರು. ಈಗ ಇನ್ನೊಂದು ಮರದ ಬುಡದಿಂದ ಒಂದಾಳೆತ್ತರದಲ್ಲಿ ಕಂದು ರಸ ಇಳಿದಿದೆ, ಕಿವಿ ಕೊಟ್ಟರೆ ಒಳಗೆ ಕರಕರ ಕೇಳಿದ ಹಾಗೆ ಆಗುತ್ತದೆ.

ಉತ್ತರ: ಕೇಳಿದ ಹಾಗೆ ಅಲ್ಲ, ಅದು ಕೇಳುವುದೇ. ಸುಳಿ ಇನ್ನೂ ಹಸಿರಿದ್ದರೆ ಮರ ಉಳಿಸಬಹುದು. ರಸ ಬರುವ ಜಾಗದ್ದೊಂದು, ಸುಳಿಯದ್ದೊಂದು ಫೋಟೋ ಇವತ್ತೇ ಹಾಕಿ. ನಾಳೆಗೆ ಇಡಬೇಡಿ.