ಕೆರೆ ಜೊಂಡಿಗೆ ಜೆಸಿಬಿ ತರ್ಸೋ ಮುಂಚೆ

ಚಿಕ್ಕಪ್ಪಾ, ನಿಮ್ಮ ವಾಯ್ಸ್ ಕೇಳ್ದೆ. ಬಲೆ ಹರಿಯೋ ನೀರುನಾಯಿನ ಮುಟ್ಟಬಾರ್ದಂತೆ, ಜೊಂಡು ಕುಯ್ದ್ರೆ ಮಾತ್ರ ಯಾರೂ ಕೇಳಲ್ವಂತೆ, ಇದ್ಯಾವ ನ್ಯಾಯ ಅಂದ್ರಲ್ಲ. ಜೆಸಿಬಿ ಬಿಟ್ಟು ಕೆರೆ ಪೂರ್ತಿ ಬಳಿಸೋಣ ಅಂತಾನೂ ಅಂದ್ರಿ. ದುಡ್ಡು ಕೊಡೋಕೆ ಮುಂಚೆ ಇದಿಷ್ಟು ಕೇಳಿ.

ಯಾವ ಜೀವಿ ಅಳಿಯೋ ಅಪಾಯದಲ್ಲಿದೆ ಅಂತ ಲೆಕ್ಕ ಇಡೋ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟೀಲಿ ಪ್ರಾಣಿಗೂ ಗಿಡಕ್ಕೂ ಅಳತೆ ಒಂದೇ, ಎಷ್ಟು ಉಳಿದಿದೆ, ಎಷ್ಟು ಬೇಗ ಕಮ್ಮಿ ಆಗ್ತಿದೆ ಅನ್ನೋದು. ನಮ್ಮ ಕಾವೇರೀಲಿರೋ ಜಾತಿ ನೀರುನಾಯಿ ಒಟ್ಟಾರೆ 30 ವರ್ಷದಲ್ಲಿ ಶೇ. 30ಕ್ಕಿಂತ ಜಾಸ್ತಿ ಕುಸಿದಿದೆ ಅನ್ನೋ ಅಂದಾಜಿಂದ ಅದು 'ವಲ್ನರಬಲ್', ಅಂದ್ರೆ ಅಳಿಯೋ ಅಪಾಯ ಇರೋದು. ಚರ್ಮಕ್ಕೂ ಸಾಕೋಕೂ ಮಾರ್ತಿದ್ರು ಅಂತ 2019ರಲ್ಲಿ ಕಾಡುಜೀವಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದಲ್ಲಿ ಅತೀ ಬಿಗಿಯಾದ ಮೊದಲ್ನೇ ಅನುಬಂಧಕ್ಕೆ ಸೇರಿಸಿದ್ರು. ಮರಿ ಹಾಕೋದು ಒಂದು ಸಲಕ್ಕೆ ಎರಡರಿಂದ ಐದು. ಜೊಂಡಾದ್ರೆ 'ಲೀಸ್ಟ್ ಕನ್ಸರ್ನ್', ಅಂದ್ರೆ ಸದ್ಯಕ್ಕೆ ಚಿಂತೆ ಇಲ್ಲದ್ದು. ಒಂದು ಕಂದು ತೆನೇಲಿ ಲಕ್ಷ ಮೀರಿ ಬೀಜ, ಕೆಸರೊಳಗೆ ಹಬ್ಬೋ ಗೆಡ್ಡೆ, ಮೇಲಿಂದ ಗದ್ದೆ ಯೂರಿಯಾ ನೀರು. ಅದಕ್ಕೇನು ಬಂತು ಕಷ್ಟ!

ಜೆಸಿಬಿ ಬಿಟ್ರೆ ಗೆಡ್ಡೆ ಚೂರಾಗಿ ಒಂದೊಂದು ಚೂರೂ ಚಿಗುರುತ್ತೆ. ಬೆಂಕಿ ಇಟ್ರೆ ಹಾಳಾಗೋದು ನೀರುಕೋಳಿ ಮೊಟ್ಟೆ, ಗೆಡ್ಡೆ ಅಲ್ಲ. ಜೊಂಡಿನ ಗರಿ ಮುರಿದು ನೋಡಿ, ಒಳಗೆಲ್ಲ ಗಾಳಿ ಗೂಡು. ಕೆಸರಲ್ಲಿರೋ ಗೆಡ್ಡೆ ಉಸಿರಾಡೋದೇ ಅದರಲ್ಲಿ. ಅದಕ್ಕೇ ನಾಲೆ ನೀರು ಬರೋ ಸ್ವಲ್ಪ ಮುಂಚೆ ಕುಡುಗೋಲಲ್ಲಿ ಬುಡಕ್ಕೇ ಕುಯ್ಯಿಸಿ, ನೀರು ಬಂದಾಗ ಮೋಟಿನ ಮೇಲೆ ಒಂದು ಗೇಣಾದ್ರೂ ನಿಲ್ಲಬೇಕು. ಒಣಗಿದ ದಂಟೂ ಬಿಡಬೇಡಿ, ಅದ್ರಲ್ಲೂ ಗಾಳಿ ಇಳಿಯುತ್ತೆ. ಮತ್ತೆ ತಲೆ ಎತ್ತಿದ್ರೆ ಇನ್ನೊಂದು ಸಲ, ಅಷ್ಟರಲ್ಲಿ ತೆನೆ ಬಿರಿದು ಹತ್ತಿ ಹಾರೋಕೆ ಬಿಡಬಾರ್ದು. ಕುಯ್ದದ್ದನ್ನ ಏರಿ ಆಚೆ ಹಾಕ್ಸಿ. ನೀರಲ್ಲೇ ಕೊಳೆತ್ರೆ ಮೀನು ಉಸಿರುಕಟ್ಟಿ ಸಾಯುತ್ತೆ.

ತೂಬಿನ ಮುಂದೆ, ಕೋಡಿ ಹತ್ರ ಪೂರ್ತಿ ತೆಗೆಸಿ. ನೀರು ಒಳಗೆ ಬರೋ ಬಾಯಲ್ಲಿ ಮಾತ್ರ ಬಿಡಿ, ಹೂಳು ಅಲ್ಲೇ ನಿಲ್ಲುತ್ತೆ. ಹೊಳೆ ಕಡೆ ದಂಡೇನೂ ಮುಟ್ಟಬೇಡಿ, ನೀರುನಾಯಿಗೆ ಅವಿತುಕೊಳ್ಳೋಕೆ ಮರೆ ಬೇಕು. ಬಂಡೆ ಮೇಲೆ ಮೀನಿನ ಹುರುಪೆ, ಏಡಿ ಚಿಪ್ಪು ತುಂಬಿದ ಹಿಕ್ಕೆ ಕಂಡು ನಾತ ಹೊಡೀತಿದ್ರೆ ಅದು ಅವುಗಳ ಜಾಗ ಅಂತಾನೇ ತಿಳ್ಕೊಳ್ಳಿ. ತುಂಗಭದ್ರೆ ಕಡೆ 2015ರಲ್ಲಿ ಕಂಪ್ಲಿವರೆಗೆ 34 ಕಿ.ಮೀ. ಹೊಳೆಯನ್ನೇ ಇವುಕ್ಕೆ ಮೀಸಲಿಟ್ಟಿದ್ದಾರೆ, ನಮ್ಮದು ಒಂದು ದಂಡೆ ಅಷ್ಟೆ.

ಬಲೆ ವಿಚಾರ ಅಂದ್ರೆ, ರಾತ್ರಿಯೆಲ್ಲಾ ಬಿಟ್ಟುಹೋದ ಬಲೇಲಿ ಮೀನು ಒದ್ದಾಡ್ತಿದ್ರೆ ಅದು ಬರದೆ ಇರುತ್ತಾ? ಎಷ್ಟೋ ಸಲ ಅದೇ ಸಿಕ್ಕಿ ಮುಳುಗಿ ಸಾಯುತ್ತೆ. ಕತ್ತಲಾಗೋಕೆ ಮುಂಚೆ ಎತ್ತೋಕೆ ಹೇಳಿ. ಹಿಡಿದ್ರೆ, ಹೊಡೆದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ಕೇಸು, ಹುಡುಗ್ರಿಗೆ ಇದನ್ನ ಬಿಡಿಸಿ ಹೇಳಿ. ನಾಲೆಗೆ ನೀರು ಯಾವತ್ತು ಬಿಡ್ತಾರೆ ಅಂತ ತಿಳ್ಕೊಂಡು ಆಮೇಲೆ ಆಳಿಗೆ ಹೇಳಿ.