ಗಣಿತದ ಡಿಗ್ರಿಗೆ ಸಾಲ ಮಾಡಿದರೆ ಆಮೇಲಿನ ಸಂಬಳದಲ್ಲಿ ತೀರುತ್ತಾ?

ಹೊಸಪುಟ:
ಗಣಿತದಲ್ಲಿ 4 ವರ್ಷದ ಡಿಗ್ರಿ ಮಾಡಬೇಕು ಅಂತ ತುಂಬಾ ಆಸೆ ಇದೆ. ಎರಡು ಕಡೆ ಸೀಟು ಸಿಕ್ಕಿದೆ. ಒಂದು ಹೆಸರುವಾಸಿ ಕಾಲೇಜು, ಪೂರ್ತಿ ಫೀಸಿಗೆ ಸಾಲವೇ ಗತಿ. ಇನ್ನೊಂದು ಸಾಧಾರಣ ಕಾಲೇಜು, ಅಲ್ಲಿ ಅದರ ಮೂರನೇ ಒಂದು ಭಾಗ ಸಾಲ ಮಾಡಿದರೆ ಸಾಕು. ಮೊದಲನೆಯ ಕಾಲೇಜಿನವರು ತೋರಿಸುವ ಸರಾಸರಿ ಸಂಬಳ ನೋಡಿದರೆ ಸಾಲ ಬೇಗ ತೀರುತ್ತೆ ಅನಿಸುತ್ತೆ. ಮನೆಯಲ್ಲಿ ಮಾತ್ರ ಗಣಿತ ಓದಿದವರಿಗೆ ಯಾವ ಕೆಲಸ ಸಿಗುತ್ತೆ ಅಂತ ದಿನಾ ಕೇಳುತ್ತಾರೆ, ನನಗೆ ಸರಿಯಾಗಿ ಉತ್ತರ ಕೊಡಲು ಆಗುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಅಸಲು_ಬಡ್ಡಿ:
ಮೊದಲು ಸಾಲದ ಲೆಕ್ಕ ನೋಡೋಣ. ಒಟ್ಟು ಸಾಲ 100 ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 25ರಂತೆ ಪ್ರತಿ ವರ್ಷದ ಶುರುವಿನಲ್ಲಿ ಕೈಗೆ ಬರುತ್ತೆ, ಬಡ್ಡಿ ಶೇ. 10. ಓದುವಾಗ ಕಂತು ಕಟ್ಟಬೇಕಾಗಿಲ್ಲ ಅಂತ ತುಂಬಾ ಜನ ನಿರಾಳವಾಗಿ ಇರುತ್ತಾರೆ, ಆದರೆ ಬಡ್ಡಿ ಸುಮ್ನೆ ಕೂರುವುದಿಲ್ಲ, ಅದು ವರ್ಷವರ್ಷ ಅಸಲಿಗೆ ಸೇರುತ್ತಾ ಹೋದರೆ ಡಿಗ್ರಿ ಮುಗಿಯುವ ಹೊತ್ತಿಗೆ 100 ಇದ್ದದ್ದು ಸುಮಾರು 127.6 ಆಗಿರುತ್ತೆ. ಅದನ್ನು 10 ವರ್ಷದ ಕಂತು ಮಾಡಿದರೆ ತಿಂಗಳಿಗೆ ಸುಮಾರು 1.69. ಮೊದಲ ಕಂತಿನಲ್ಲಿ 1.06 ಬಡ್ಡಿಗೇ ಹೋಗುತ್ತೆ, ಅಸಲು ಇಳಿಯುವುದು ಬರೀ 0.62. ಕೊನೆಗೆ ಕಟ್ಟಿದ್ದು ಒಟ್ಟು 202. ಅಂದರೆ ತೆಗೆದುಕೊಂಡದ್ದರ ಎರಡರಷ್ಟು! ಓದುವಾಗಲೇ ಆಯಾ ವರ್ಷದ ಬಡ್ಡಿ ಕಟ್ಟಿಕೊಂಡು ಬಂದರೆ ಒಟ್ಟು 184ರ ಹತ್ತಿರ ನಿಲ್ಲುತ್ತೆ. ಹೇಗಾದರೂ ಮಾಡಿ ಆ ಬಡ್ಡಿಯಷ್ಟನ್ನು ಓದುವಾಗಲೇ ಕಟ್ಟಿ.

ಕಂತು ಕೈಗೆ ಬರುವ ಸಂಬಳದ ಶೇ. 15 ದಾಟಬಾರದು ಅಂತ ನಾನು ಇಟ್ಟುಕೊಂಡಿರುವ ಮಿತಿ. ಆ ಲೆಕ್ಕದಲ್ಲಿ ನಿಮಗೆ ತಿಂಗಳಿಗೆ 11ಕ್ಕಿಂತ ಜಾಸ್ತಿ ಬರಬೇಕು. ಎರಡನೇ ಕಾಲೇಜಾದರೆ 4ರ ಒಳಗೇ ಸಾಕು.

ಇನ್ನು ಸರಾಸರಿ ಸಂಬಳ. ಇದಕ್ಕೆ ಬೇರೆ ಉದಾಹರಣೆ, ಮೇಲಿನ ಅಂಕಿಗಳಿಗೆ ಸಂಬಂಧ ಇಲ್ಲ. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 4, ಒಬ್ಬರಿಗೆ 24 ಬಂದರೆ ಸರಾಸರಿ 6. ಆ 6 ಯಾರ ಕೈಗೂ ಬಂದಿಲ್ಲ, ಅಲ್ವಾ? ಗಣಿತ ಓದಿದವರ ಸಂಬಳದಲ್ಲಿ ಈ ಏರುಪೇರು ಜಾಸ್ತಿ, ಒಬ್ಬರು ಶಾಲೆಯಲ್ಲಿ ಪಾಠ ಮಾಡುತ್ತಾರೆ, ಇನ್ನೊಬ್ಬರು ಷೇರು ವಹಿವಾಟಿನ ಕಂಪನಿ ಸೇರುತ್ತಾರೆ. ಅದಕ್ಕೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮಧ್ಯದವರ ಸಂಬಳ ಎಷ್ಟು, ಕೆಳಗಿನ ಕಾಲು ಭಾಗದವರದು ಎಷ್ಟು, ಎಷ್ಟು ಜನರ ಲೆಕ್ಕ ಹಿಡಿದಿದ್ದಾರೆ ಅಂತ ಕೇಳಿ. ಕೆಳಗಿನವರ ಸಂಬಳದಲ್ಲೂ ಕಂತು ಕಟ್ಟಲು ಆಗುತ್ತಾ ಅಂತ ನೋಡಿ, ಆಮೇಲೆ ಸಹಿ ಹಾಕಿ.

ಎಪ್ಸಿಲಾನ್:
ನಾನು ವಿಮೆ ಕ್ಷೇತ್ರದಲ್ಲಿ ಇದ್ದೇನೆ, ಓದಿದ್ದು ಗಣಿತವೇ. ಮನೆಯವರ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳಬೇಡಿ, ಅದು ನ್ಯಾಯವಾದ ಪ್ರಶ್ನೆ. ನರ್ಸಿಂಗ್ ಓದಿದವರು ನರ್ಸ್ ಆಗುತ್ತಾರೆ, ಗಣಿತದ ಡಿಗ್ರಿಗೆ ಹಾಗೆ ಸಿದ್ಧವಾದ ಕೆಲಸ ಅಂತ ಇಲ್ಲ. ಡಿಗ್ರಿಯ ಜೊತೆಗೆ ಇನ್ನೊಂದನ್ನು ನೀವೇ ಕಟ್ಟಿಕೊಳ್ಳಬೇಕು. ಸಂಭವನೀಯತೆ, ಸಂಖ್ಯಾಶಾಸ್ತ್ರ, ಲೀನಿಯರ್ ಆಲ್ಜಿಬ್ರಾ ಗಟ್ಟಿ ಮಾಡಿಕೊಂಡು ಪೈಥಾನ್ ಮತ್ತು ಎಸ್‌ಕ್ಯೂಎಲ್ ಅನ್ನುವ ಕಂಪ್ಯೂಟರ್ ಭಾಷೆಗಳನ್ನು ಕಲಿತರೆ ಡೇಟಾ ಕೆಲಸಗಳಿಗೆ ದಾರಿ ಇದೆ. ಆಕ್ಚುಯರಿ, ಅಂದರೆ ವಿಮೆಯಂಥ ಕಡೆ ಅಪಾಯದ ಲೆಕ್ಕ ಹಾಕುವ ತಜ್ಞರು, ಆಗಬೇಕು ಅಂದರೆ ಅದರ ಪರೀಕ್ಷೆಗಳನ್ನು ಓದುವಾಗಲೇ ಶುರು ಮಾಡಬಹುದು, ಕೆಲಸ ಸಿಕ್ಕಿದ ಮೇಲೆ ಉಳಿದ ಪರೀಕ್ಷೆಗಳ ಫೀಸನ್ನು ಎಷ್ಟೋ ಕಂಪನಿಗಳು ತಾವೇ ಕಟ್ಟುತ್ತವೆ.

ಕಾಲೇಜಿನ ವಿಷಯಕ್ಕೆ ಬಂದರೆ ನನ್ನ ಓಟು ಎರಡನೆಯದಕ್ಕೆ. ಗಣಿತಕ್ಕೆ ದುಬಾರಿ ಲ್ಯಾಬ್ ಬೇಡ. ರಿಯಲ್ ಅನಾಲಿಸಿಸ್ ಅನ್ನುವ ಗಣಿತದ ವಿಷಯದ ಪ್ರಮೇಯ ಅಲ್ಲೂ ಅದೇ, ಇಲ್ಲೂ ಅದೇ.

ಮಧ್ಯಂತರ:
ಪ್ರಮೇಯ ಒಂದೇ ಇರಬಹುದು, ಜೊತೆಗೆ ಓದುವವರು ಒಂದೇ ಅಲ್ಲ. ಬೋರ್ಡಿನ ಮುಂದೆ ನಿಂತು ನೀವು ಬರೆಯುವ ಪ್ರಮೇಯದ ಸಾಧನೆಯ (ಪ್ರೂಫ್) ಮೂರನೇ ಸಾಲಿನಲ್ಲೇ "ಇದು ಯಾಕೆ ನಿಜ?" ಅಂತ ತಡೆಯುವ ಸಹಪಾಠಿಗಳು ಸಿಕ್ಕರೆ ಕಲಿಕೆಯೇ ಬೇರೆ. ದೊಡ್ಡ ಕಂಪನಿಗಳು ಕೆಲವೇ ಕಾಲೇಜುಗಳಿಗೆ ಹೋಗುತ್ತವೆ ಅನ್ನುವುದೂ ನಿಜ. ಆದರೂ ಈ ಸಾಲದ ಅಂತರ ನೋಡಿ ನಾನೂ ಎರಡನೆಯದನ್ನೇ ಹೇಳುತ್ತೇನೆ. ಒಂದು ಷರತ್ತು, ಅಲ್ಲಿ ಮೇಲಿನ ತರಗತಿಯ ವಿಷಯಗಳು ನಿಜವಾಗಿ ಪಾಠ ಆಗುತ್ತವಾ, ಹಳೆ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಎಲ್ಲಿ ಸಿಕ್ಕಿದೆ ಅಂತ ವಿಚಾರಿಸಿ. ಅರ್ಧಕ್ಕೆ ಬಿಟ್ಟರೆ ಡಿಗ್ರಿ ಇರುವುದಿಲ್ಲ, ಸಾಲ ಮಾತ್ರ ಇರುತ್ತೆ, ಅದಕ್ಕೆ ಮುಗಿಸುವವರು ಎಷ್ಟು ಜನ ಅಂತಲೂ ಕೇಳಿ.

ಹೊಸಪುಟ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಡ್ಡಿ ಅಸಲಿಗೆ ಸೇರುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಪ್ರಶ್ನೆ. ಮುಂದೆ ಪಿಎಚ್‌ಡಿ ಮಾಡುವ ಆಸೆಯೂ ಇದೆ, ಅದಕ್ಕೆ ಮತ್ತೆ ಸಾಲ ಬೇಕಾಗುತ್ತಾ?

ಮಧ್ಯಂತರ:
ಗಣಿತದ ಪಿಎಚ್‌ಡಿಗೆ ಸಾಲ ಮಾಡಲೇಬೇಡಿ. ಒಳ್ಳೆ ಕಡೆಗಳಲ್ಲಿ ಫೀಸು ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತಾರೆ, ಬದಲಿಗೆ ಕೆಳಗಿನ ತರಗತಿಗಳಿಗೆ ಪಾಠ ಮಾಡಿಸಬಹುದು. ಆದರೆ ಮಾಸ್ಟರ್ಸ್‌ಗೆ ಹಾಗಲ್ಲ, ಎಷ್ಟೋ ಕಡೆ ಪೂರ್ತಿ ಫೀಸು ನಿಮ್ಮದೇ. ಮತ್ತೆ ಸ್ಟೈಪೆಂಡ್‌ನಲ್ಲಿ ದೊಡ್ಡ ಕಂತು ಕಟ್ಟುವುದು ಕಷ್ಟ. ಡಿಗ್ರಿಯ ಸಾಲ 100 ಇದ್ದರೆ ಸಂಶೋಧನೆ ಬಿಟ್ಟು ಮೊದಲು ಸಿಕ್ಕ ಕೆಲಸಕ್ಕೆ ಓಡಬೇಕಾಗುತ್ತೆ, 33 ಇದ್ದರೆ ಯೋಚನೆ ಮಾಡಲು ಜಾಗ ಇರುತ್ತೆ. ಪಿಎಚ್‌ಡಿ ಮುಗಿಯುವವರೆಗೆ ಕಂತು ಮುಂದಕ್ಕೆ ಹಾಕುತ್ತಾರಾ, ಆ ಅವಧಿಗೂ ಬಡ್ಡಿ ಸೇರುತ್ತಾ ಅಂತ ಸಾಲದ ಪತ್ರದಲ್ಲಿ ಈಗಲೇ ನೋಡಿಕೊಳ್ಳಿ.

ಅಸಲು_ಬಡ್ಡಿ:
ಹೌದು. ಜೊತೆಗೆ ಬಡ್ಡಿ ದರ ಬದಲಾಗುತ್ತಾ, ಅವಧಿಗೆ ಮುಂಚೆ ತೀರಿಸಿದರೆ ದಂಡ ಇದೆಯಾ, ಎರಡನ್ನೂ ಬರಹದಲ್ಲೇ ಕೇಳಿ ತೆಗೆದುಕೊಳ್ಳಿ. ಆ ಪತ್ರದ ಅಂಕಿಗಳನ್ನು ಇಲ್ಲಿ ಹಾಕಿದರೆ ನಿಮ್ಮ ಕಂತಿನ ಪಟ್ಟಿ ನಾನು ಮಾಡಿಕೊಡುತ್ತೇನೆ.